ಹಳೆಯ ಕ್ರಮವಿಧಿಗೆ ಹಲವು ಕೈಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಸಂತೋಷವೂ ಸಂಕೋಚವೂ ಒಟ್ಟಿಗೇ ಆದವು. ಲೇಪಾಕ್ಷಿಯ ದೇವಾಲಯದ ಬಗೆಗೆ, ಗಡಿನಾಡಿನ ಕನ್ನಡದ ಬಗೆಗೆ ಅಧಿಕಾರವಾಣಿಯಿಂದ ಬರೆಯಬಲ್ಲ ಹಿರಿಯರು ನಮ್ಮ ನಡುವೆ ಅನೇಕರಿದ್ದಾರೆ. ನಾನಾದರೋ ಹಲವು ವರ್ಷಗಳಿಂದ ಬೆಂಗಳೂರಿನಲ್ಲಿ ಗಣಕಯಂತ್ರದ ಕ್ರಮವಿಧಿಗಳನ್ನು, ಅದರಲ್ಲಿಯೂ ಬೇರೆಯವರು ಎಂದೋ ಬರೆದಿಟ್ಟು ಹೋದ ಹಳೆಯ ಕ್ರಮವಿಧಿಗಳನ್ನು, ದುರಸ್ತಿ ಮಾಡಿಕೊಂಡು ಬಂದವನು. ಆದುದರಿಂದ ನನಗೆ ತಿಳಿದಿರುವ ಆ ಒಂದು ಕಸುಬಿನ ಬಗೆಗೇ ಬರೆಯುತ್ತೇನೆ. ಒಬ್ಬನೇ ಕೆಲಸಗಾರನಿಗೆಂದು ಕಟ್ಟಿದ ಹಳೆಯ ತಂತ್ರಾಂಶದೊಳಕ್ಕೆ ಹಲವು ಕೆಲಸಗಾರರನ್ನು ಒಮ್ಮೆಗೇ ಬಿಟ್ಟರೆ ಏನಾಗುತ್ತದೆ, ಮತ್ತು ಅದನ್ನು ಅನಾಹುತವಿಲ್ಲದೆ ಮಾಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಇದು ಶುಷ್ಕವೆಂದು ತೋರಬಹುದು. ಆದರೆ ಇದರ ಮೊದಲ ಪಾಠ ನನಗೆ ದೊರೆತದ್ದು ನಮ್ಮ ಶಾಲೆಯ ಹಳೆಯ ಕೊಠಡಿಯಲ್ಲಿಯೇ.

ಆಗ ಇದ್ದದ್ದು ಒಂದೇ ಕೊಠಡಿ, ಒಂದೇ ಕಪ್ಪು ಹಲಗೆ, ಐದು ತರಗತಿಗಳಿಗೂ ಒಬ್ಬರೇ ಮೇಷ್ಟ್ರು. ಅವರು ಎರಡನೆಯ ತರಗತಿಗೆ ಮಗ್ಗಿ ಬರೆಯಲು ಹೇಳಿ, ಆ ಮಕ್ಕಳು ಬರೆಯುತ್ತಿರುವಾಗ ನಾಲ್ಕನೆಯವರಿಗೆ ಹಲಗೆಯ ಮೇಲೆ ಲಾಭ ನಷ್ಟದ ಲೆಕ್ಕ ಹಾಕಿಕೊಟ್ಟು, ಅದು ಅರ್ಧವಾಗಿರುವಾಗಲೇ ಒಂದನೆಯವರ ಸ್ಲೇಟುಗಳನ್ನು ತಿದ್ದಿ, ಮತ್ತೆ ಬಂದು ಲೆಕ್ಕವನ್ನು ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು. ಹಲಗೆಯ ಮೇಲಿನ ಅರ್ಧ ಲೆಕ್ಕ ಹಾಗೆಯೇ ಇರುತ್ತದೆಂಬ ವಿಷಯದಲ್ಲಿ ಅವರಿಗೆ ಸಂಶಯವೇ ಇರಲಿಲ್ಲ. ಏಕೆಂದರೆ ಅದನ್ನು ಒರೆಸುವವರು ಆ ಕೊಠಡಿಯಲ್ಲಿ ಅವರನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಎರಡನೆಯ ಮೇಷ್ಟ್ರು ಬಂದರು. ಊರಿಗೆಲ್ಲ ಸಂಭ್ರಮ. ಇನ್ನು ಪಾಠ ಇಮ್ಮಡಿ ವೇಗದಲ್ಲಿ ಸಾಗುವುದೆಂದು ಹಿರಿಯರು ಆಡಿಕೊಂಡರು. ಮೊದಲನೆಯ ದಿನವೇ ನಮ್ಮ ಮೇಷ್ಟ್ರು ಅರ್ಧ ಲೆಕ್ಕವನ್ನು ಹಲಗೆಯ ಮೇಲೆ ಬಿಟ್ಟು ಒಂದನೆಯವರ ಬಳಿಗೆ ಹೋದರು. ಹೊಸಬರು ಬಂದು ಡಸ್ಟರಿನಿಂದ ಹಲಗೆಯನ್ನು ಶುಭ್ರವಾಗಿ ಒರೆಸಿ, ಮೂರನೆಯವರಿಗಾಗಿ ಒತ್ತಕ್ಷರಗಳನ್ನು ಬರೆಯತೊಡಗಿದರು. ನಮ್ಮ ಮೇಷ್ಟ್ರು ಹಿಂದಿರುಗಿ ಸೀಮೆಸುಣ್ಣ ಹಿಡಿದು ನಿಂತು ಒಂದು ಗಳಿಗೆ ತಬ್ಬಿಬ್ಬಾದುದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಇಬ್ಬರಲ್ಲಿ ಯಾರದ್ದೂ ತಪ್ಪಿರಲಿಲ್ಲ. ಮೇಷ್ಟ್ರು ಒಬ್ಬರೇ ಇರುವಾಗ ‘ಹಲಗೆಯನ್ನು ಒರೆಸುವ ಮುನ್ನ ಕೇಳಬೇಕು’ ಎಂಬ ನಿಯಮವನ್ನು ಯಾರಿಗಾಗಿ ಮಾಡುವುದು? ಆ ತಿಂಗಳೆಲ್ಲ ಪಾಠ ಹಿಂದೆ ಬಿದ್ದಿತೇ ಹೊರತು ಮುಂದೆ ಹೋಗಲಿಲ್ಲ. ಆಮೇಲೆ ಹಲಗೆಯ ನಡುವೆ ಬಿಳಿಯ ಗೆರೆಯೊಂದನ್ನು ಎಳೆದರು.

ಈ ಚಿತ್ರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ. ಒಬ್ಬರೇ ಮೇಷ್ಟ್ರು ಐದು ತರಗತಿಗಳನ್ನು ಸರದಿಯ ಮೇಲೆ ನಿಭಾಯಿಸುವುದನ್ನು ಗಣಕವಿಜ್ಞಾನದಲ್ಲಿ ಏಕಕಾಲಿಕತೆ ಎನ್ನಬಹುದು. ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತಿರುವಂತೆ ಕಂಡರೂ ಒಂದು ಕ್ಷಣದಲ್ಲಿ ನಡೆಯುವುದು ಒಂದೇ. ಇಬ್ಬರು ಮೇಷ್ಟ್ರು ಒಂದೇ ಕ್ಷಣದಲ್ಲಿ ಎರಡು ತರಗತಿಗಳಿಗೆ ಪಾಠ ಹೇಳುವುದು ಸಮಾಂತರತೆ. ಒಂದೇ ಕ್ರಮವಿಧಿಯೊಳಗೆ ಹೀಗೆ ಬೇರೆ ಬೇರೆಯಾಗಿ ಸಾಗುವ ಕೆಲಸದ ಒಂದೊಂದು ಹರಿವಿಗೆ ‘ಥ್ರೆಡ್’ ಎನ್ನುತ್ತಾರೆ. ನಾನು ಅದನ್ನು ಎಳೆ ಎಂದು ಕರೆಯುತ್ತೇನೆ. ಎಳೆಗಳಿಗೆಲ್ಲ ಸ್ಮೃತಿ ಒಂದೇ. ಎಂದರೆ, ಕಪ್ಪು ಹಲಗೆ ಒಂದೇ.

ಇದು ಈಚಿನ ವರ್ಷಗಳಲ್ಲಿ ಎಲ್ಲರ ಸಮಸ್ಯೆಯಾದುದಕ್ಕೆ ಒಂದು ಕಾರಣವುಂಟು. 2000ದವರೆಗೂ ಗಣಕದ ಸಂಸ್ಕಾರಕದ ವೇಗ ಕೆಲವು ವರ್ಷಗಳಿಗೊಮ್ಮೆ ದ್ವಿಗುಣವಾಗುತ್ತಿತ್ತು. ಕ್ರಮವಿಧಿ ನಿಧಾನವಾದರೆ ಹೊಸ ಯಂತ್ರ ತಂದರಾಯಿತು. ಬರೆದವನು ಬೆರಳು ಅಲ್ಲಾಡಿಸಬೇಕಾಗಿರಲಿಲ್ಲ. 2004–05ರ ಹೊತ್ತಿಗೆ ಈ ಓಟ ನಿಂತಿತು. ವೇಗವನ್ನು ಇನ್ನೂ ಏರಿಸಿದರೆ ಸಣ್ಣ ಸಿಲಿಕಾನ್ ತುಣುಕಿನಿಂದ ಹೊರಡುವ ಶಾಖವನ್ನು ತಾಳಿಕೊಳ್ಳುವುದು ಕಷ್ಟವಾಯಿತು. ಆಗ ತಯಾರಕರು ಒಂದೇ ತುಣುಕಿನಲ್ಲಿ ಎರಡು, ನಾಲ್ಕು, ಎಂಟು ಸಂಸ್ಕಾರಕಗಳನ್ನು ಕೂರಿಸತೊಡಗಿದರು. ಈಗ ನಿಮ್ಮ ಜೇಬಿನಲ್ಲಿರುವ ಮೊಬೈಲ್ ಫೋನಿನಲ್ಲಿಯೇ ಎಂಟು ಇರಬಹುದು. ವೇಗದ ಮೇಷ್ಟ್ರ ಬದಲಿಗೆ ಹೆಚ್ಚು ಮೇಷ್ಟ್ರು ಬಂದಂತಾಯಿತು. ಆದರೆ ಲೋಕದ ಕ್ರಮವಿಧಿಗಳಲ್ಲಿ ಬಹುಪಾಲು ಏಕೋಪಾಧ್ಯಾಯ ಶಾಲೆಗಳಾಗಿಯೇ ಉಳಿದಿದ್ದವು.

ತಪ್ಪು ಹೇಗಾಗುತ್ತದೆಂಬುದಕ್ಕೆ ಒಂದು ಉದಾಹರಣೆ. ಬೆಳಗ್ಗೆ ಹಾಜರಿಯ ಒಟ್ಟು ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆಯುವ ಪದ್ಧತಿಯಿದೆಯೆಂದುಕೊಳ್ಳಿ. ಅಲ್ಲಿ 40 ಎಂದಿದೆ. ಒಬ್ಬ ಮೇಷ್ಟ್ರು ತಮ್ಮ ತರಗತಿಯ 12 ಮಕ್ಕಳನ್ನು ಸೇರಿಸಬೇಕು, ಇನ್ನೊಬ್ಬರು 15 ಮಕ್ಕಳನ್ನು. ಇಬ್ಬರೂ ಹಲಗೆಯನ್ನು ಒಮ್ಮೆಗೇ ನೋಡಿ, 40 ಎಂದು ಓದಿಕೊಂಡು, ತಮ್ಮ ತಮ್ಮ ಮನಸ್ಸಿನಲ್ಲಿ ಕೂಡಿ ಬರೆಯುತ್ತಾರೆ. ಮೊದಲನೆಯವರು 52 ಎಂದು ಬರೆದರು. ಎರಡನೆಯವರು ಅದನ್ನು ಒರೆಸಿ 55 ಎಂದು ಬರೆದರು. ಬರಬೇಕಾದದ್ದು 67. ಇಬ್ಬರ ಕೂಡುವ ಲೆಕ್ಕವೂ ಸರಿ, ಆದರೂ 12 ಮಕ್ಕಳು ಮಾಯವಾದರು. ಇದನ್ನು ‘ರೇಸ್ ಕಂಡಿಷನ್’, ಎಂದರೆ ಪೈಪೋಟಿಯ ದೋಷ, ಎನ್ನುತ್ತಾರೆ. ಇದರ ಕೆಟ್ಟ ಗುಣವೆಂದರೆ ಅದು ದಿನವೂ ಕಾಣಿಸಿಕೊಳ್ಳುವುದಿಲ್ಲ. ಇಬ್ಬರೂ ಒಂದೇ ಗಳಿಗೆಯಲ್ಲಿ ಹಲಗೆಯ ಮುಂದೆ ನಿಂತ ದಿನ ಮಾತ್ರ ಕಾಣಿಸುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗದಲ್ಲಿಯೂ ಕೆನಡಾದಲ್ಲಿಯೂ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ನಿಂತುಹೋಯಿತು. ಅಂದು ಒಹಾಯೊ ರಾಜ್ಯದ ನಿಯಂತ್ರಣ ಕೇಂದ್ರವೊಂದರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಬೇಕಾಗಿದ್ದ ತಂತ್ರಾಂಶ ಮೌನವಾಗಿತ್ತು. ತಂತಿಗಳು ಮರಗಳಿಗೆ ತಗುಲಿ ಒಂದೊಂದಾಗಿ ಬೀಳುತ್ತಿದ್ದರೂ ಅಲ್ಲಿ ಕುಳಿತವರಿಗೆ ತಿಳಿಯಲಿಲ್ಲ. ಆ ಮೌನದ ಮೂಲ ಇಂಥದೇ ಒಂದು ಪೈಪೋಟಿಯ ದೋಷವೆಂದು ಅನಂತರ ಗೊತ್ತಾಯಿತು. ಅಲ್ಲಿಯವರೆಗೆ ಆ ತಂತ್ರಾಂಶ ವರ್ಷಗಟ್ಟಲೆ ಸರಿಯಾಗಿಯೇ ನಡೆದಿತ್ತು.

ಹಳೆಯ ಕ್ರಮವಿಧಿಯಲ್ಲಿ ಇಂಥ ಹಲಗೆಗಳು ಎಲ್ಲೆಲ್ಲಿ ಅಡಗಿರುತ್ತವೆಂಬುದಕ್ಕೆ ಸಿ ಭಾಷೆಯೇ ಒಳ್ಳೆಯ ನಿದರ್ಶನ. 1970ರ ದಶಕದ ಆರಂಭದಲ್ಲಿ ಡೆನಿಸ್ ರಿಚಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ ಈ ಭಾಷೆಯಲ್ಲಿ ಇಂದಿಗೂ ನಡೆಯುತ್ತಿರುವ ಕ್ರಮವಿಧಿಗಳು ಅಸಂಖ್ಯಾತ. ಅದರ ಜತೆಗೆ ಬರುವ ಸಿದ್ಧ ಸಲಕರಣೆಗಳಲ್ಲಿ ‘ಲೋಕಲ್‌ಟೈಮ್’ ಎಂಬುದೊಂದು. ಸೆಕೆಂಡುಗಳ ಲೆಕ್ಕವನ್ನು ಕೊಟ್ಟರೆ ಅದು ದಿನ, ತಿಂಗಳು, ವರ್ಷವಾಗಿ ಬಿಡಿಸಿಕೊಡುತ್ತದೆ. ಆದರೆ ಉತ್ತರವನ್ನು ಅದು ನಮ್ಮ ಕೈಗೆ ಕೊಡುವುದಿಲ್ಲ; ತನ್ನ ಬಳಿಯಿರುವ ಒಂದೇ ಸ್ಲೇಟಿನ ಮೇಲೆ ಬರೆದಿಟ್ಟು, ಅಲ್ಲಿ ನೋಡಿಕೋ ಎನ್ನುತ್ತದೆ. ಮುಂದಿನ ಸಲ ಯಾರು ಕೇಳಿದರೂ ಅದೇ ಸ್ಲೇಟನ್ನು ಒರೆಸಿ ಬರೆಯುತ್ತದೆ. ವಾಕ್ಯವನ್ನು ಪದಗಳಾಗಿ ತುಂಡರಿಸುವ ‘ಸ್ಟ್ರ್‌ಟಾಕ್’ ಎಂಬುದೂ ತಾನು ಎಲ್ಲಿಯವರೆಗೆ ಬಂದೆನೆಂಬುದನ್ನು ಇಂಥದೇ ಒಂದು ಗುಪ್ತ ಜಾಗದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಬರೆದವರು ಅಜ್ಞಾನದಿಂದ ಹೀಗೆ ಮಾಡಲಿಲ್ಲ. ಅಂದು ಸ್ಮೃತಿ ದುಬಾರಿ. ಒಂದು ಸ್ಲೇಟು ಸಾಕಾಗಿತ್ತು. ಪ್ರತಿಯೊಂದು ಕ್ರಮವಿಧಿಯೂ ತನ್ನ ಕೋಣೆಯಲ್ಲಿ ತಾನೊಬ್ಬನೇ ಎಂದು ಬಾಳುತ್ತಿತ್ತು. 1995ರಲ್ಲಿ ಎಳೆಗಳಿಗೆ ಪೋಸಿಕ್ಸ್ ಎಂಬ ಮಾನಕ ನಿಯಮಗಳು ಬಂದಾಗ ಈ ಸಲಕರಣೆಗಳಿಗೆ ಹೊಸ ಜೋಡಿಗಳನ್ನು ಮಾಡಿ, ‘ನಿನ್ನ ಸ್ಲೇಟನ್ನು ನೀನೇ ತಂದುಕೋ’ ಎಂಬ ಏರ್ಪಾಡು ಮಾಡಿದರು. ಹಳೆಯವನ್ನು ತೆಗೆಯಲಿಲ್ಲ; ತೆಗೆದರೆ ಲೋಕದ ಅರ್ಧ ಕ್ರಮವಿಧಿಗಳು ನಿಂತುಬಿಡುತ್ತಿದ್ದವು.

ಈ ಸ್ಲೇಟಿನ ವಿಷಯವನ್ನು ನಾನು ಪುಸ್ತಕದಲ್ಲಿ ಓದಿ ಬಲ್ಲವನಾಗಿದ್ದೆ. ಆದರೂ ಎಡವಿದೆ.

2009ರಲ್ಲಿ ಠೇವಣಿಗಳ ವ್ಯವಹಾರ ನಡೆಸುವ ಸಂಸ್ಥೆಯೊಂದರ ತಂತ್ರಾಂಶವನ್ನು ನೋಡಿಕೊಳ್ಳುವ ಕೆಲಸ ನನ್ನದಾಗಿತ್ತು. ಸುಮಾರು ಇಪ್ಪತ್ತು ವರ್ಷ ಹಳೆಯದಾದ, ಸಿ ಭಾಷೆಯ ಕ್ರಮವಿಧಿ. ಬರೆದ ಹಿರಿಯರು ನಿವೃತ್ತರಾಗಿದ್ದರು. ಪ್ರತಿ ರಾತ್ರಿ ಎಲ್ಲ ಖಾತೆಗಳ ಬಡ್ಡಿಯನ್ನೂ ಮುಕ್ತಾಯದ ದಿನಾಂಕಗಳನ್ನೂ ಲೆಕ್ಕ ಹಾಕುವುದು ಅದರ ಕೆಲಸ. ಖಾತೆಗಳು ಬೆಳೆದು ರಾತ್ರಿಯ ಕೆಲಸ ಏಳು ಗಂಟೆಗಳನ್ನು ಹಿಡಿಯತೊಡಗಿತು. ಬೆಳಗ್ಗೆ ಕಚೇರಿ ತೆರೆದರೂ ಮುಗಿಯದಿರುವ ದಿನಗಳು ಬಂದವು. ನಾಲ್ಕು ಸಂಸ್ಕಾರಕಗಳ ಹೊಸ ಯಂತ್ರವನ್ನು ತಂದರು. ಖಾತೆಗಳನ್ನು ನಾಲ್ಕು ಪಾಲು ಮಾಡಿ ನಾಲ್ಕು ಎಳೆಗಳಿಗೆ ಹಂಚುವಂತೆ ನನಗೆ ಹೇಳಿದರು. ಮೂರು ವಾರಗಳಲ್ಲಿ ಮಾಡಿ ಮುಗಿಸಿದೆ. ಕಣ್ಣಿಗೆ ಬಿದ್ದ ಸಾಮಾನ್ಯ ಜಾಗಗಳಿಗೆಲ್ಲ ಬೀಗ ಹಾಕಿದೆ. ಬೀಗವೆಂದರೆ ಇಷ್ಟೇ: ಒಂದು ಎಳೆ ಒಳಗಿರುವಾಗ ಇನ್ನೊಂದು ಹೊರಗೆ ಕಾಯಬೇಕೆಂಬ ಏರ್ಪಾಡು. ಪರೀಕ್ಷೆಯೂ ಆಯಿತು. ಆದರೆ ಪರೀಕ್ಷೆಗೆ ಬಳಸಿದ ಯಂತ್ರದಲ್ಲಿ ಇದ್ದದ್ದು ಒಂದೇ ಸಂಸ್ಕಾರಕ. ಅಲ್ಲಿ ನಾಲ್ಕು ಎಳೆಗಳೂ ಸರದಿಯ ಮೇಲೆ ಓಡುತ್ತಿದ್ದುದರಿಂದ ಒಂದರ ಕಾಲಿಗೆ ಇನ್ನೊಂದು ತೊಡರುವ ಸಂಭವವೇ ತೀರಾ ಕಡಿಮೆಯಾಗಿತ್ತು. ಇದು ನನ್ನ ಮೊದಲನೆಯ ತಪ್ಪು.

ಹೊಸ ವ್ಯವಸ್ಥೆ ಜಾರಿಗೆ ಬಂದ ಕೆಲವು ದಿನಗಳ ಮೇಲೆ ವೃದ್ಧರೊಬ್ಬರು ತಮ್ಮ ಠೇವಣಿಯ ರಸೀದಿ ಹಿಡಿದು ಕಚೇರಿಗೆ ಬಂದರು. ಮುಕ್ತಾಯದ ದಿನಾಂಕ ಎರಡು ತಿಂಗಳು ಹಿಂದೆ ಸರಿದಿತ್ತು; ಬಡ್ಡಿಯೂ ಅಷ್ಟು ಕಡಿಮೆಯಾಗಿತ್ತು. ದಿನಾಂಕಗಳನ್ನು ಮೊದಲು ದಾಖಲಿಸುತ್ತಿದ್ದವರು ಕೌಂಟರಿನ ಗುಮಾಸ್ತರು. ಯಂತ್ರ ಇಪ್ಪತ್ತು ವರ್ಷ ತಪ್ಪು ಮಾಡಿರಲಿಲ್ಲ, ಗುಮಾಸ್ತರು ಹೊಸಬರು. ಆದುದರಿಂದ ಅವರಿಗೆ ಮೆಮೋ ಹೋಯಿತು. ಲಿಖಿತ ಸಮಜಾಯಿಷಿ ಕೊಡಬೇಕೆಂದು ಕೇಳಿದರು. ಮರುವಾರ ಇನ್ನೆರಡು ಖಾತೆಗಳಲ್ಲಿ ಅದೇ ಬಗೆಯ ದೋಷ ಕಂಡಿತು. ಅದರಲ್ಲೊಂದು ಖಾತೆ ಆ ಗುಮಾಸ್ತರು ರಜೆಯಲ್ಲಿದ್ದ ದಿನ ತೆರೆದದ್ದು. ಆಗ ನನಗೆ ನಡುಕ ಹುಟ್ಟಿತು.

ದೋಷವನ್ನು ಹಿಡಿಯಲೆಂದು ಪ್ರತಿ ದಿನಾಂಕವನ್ನೂ ಮುದ್ರಿಸುವ ಸಾಲುಗಳನ್ನು ಕ್ರಮವಿಧಿಯಲ್ಲಿ ಸೇರಿಸಿದೆ. ದೋಷ ಮಾಯವಾಯಿತು. ತೆಗೆದೆ, ಮತ್ತೆ ಬಂದಿತು. ಮುದ್ರಣದ ಕೆಲಸವೇ ಎಳೆಗಳನ್ನು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಿಸುತ್ತಿತ್ತೆಂಬುದು ಆಮೇಲೆ ಹೊಳೆಯಿತು. ಕೊನೆಗೆ ಯಂತ್ರವನ್ನು ಬದಿಗಿಟ್ಟು, ಕ್ರಮವಿಧಿಯನ್ನು ಕಾಗದದ ಮೇಲೆ ತೆಗೆದುಕೊಂಡು, ಎರಡು ವಾರ ಒಂದೊಂದೇ ಸಾಲನ್ನು ಓದಿದೆ. ಮೂರು ಮೆಟ್ಟಿಲು ಕೆಳಗೆ, ರಜಾ ದಿನಗಳನ್ನು ಪರಿಶೀಲಿಸುವ ಸಣ್ಣ ಭಾಗವೊಂದರೊಳಗೆ, ಅದೇ ಲೋಕಲ್‌ಟೈಮ್ ಕುಳಿತಿತ್ತು. ಒಂದು ಎಳೆ ತನ್ನ ಖಾತೆಯ ದಿನಾಂಕವನ್ನು ಸ್ಲೇಟಿನ ಮೇಲೆ ಬರೆಸಿ, ಓದುವಷ್ಟರಲ್ಲಿ ಇನ್ನೊಂದು ಎಳೆ ಬಂದು ಒರೆಸಿ ತನ್ನದನ್ನು ಬರೆಸುತ್ತಿತ್ತು. ಮೊದಲನೆಯದು ಪರರ ದಿನಾಂಕವನ್ನು ತನ್ನದೆಂದೇ ನಂಬಿ ಲೆಡ್ಜರಿಗೆ ಏರಿಸುತ್ತಿತ್ತು.

ನಿವೃತ್ತರಾಗಿದ್ದ ಹಿರಿಯರಿಗೆ ಫೋನ್ ಮಾಡಿ, ಈ ಸ್ಲೇಟಿನ ವಿಷಯ ಎಲ್ಲಿಯಾದರೂ ಬರೆದಿಟ್ಟಿದ್ದೀರಾ ಸಾರ್ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಲ್ಲಿಗೆ ಇನ್ನೊಬ್ಬ ಬರ್ತಾನೆ ಅಂತ ನನಗೆ ಯಾರೂ ಹೇಳಿರಲಿಲ್ಲವಲ್ಲಪ್ಪ” ಎಂದರು. ಹಳೆಯ ಕ್ರಮವಿಧಿಗಳ ಸಮಸ್ಯೆಯನ್ನು ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ಕಾಣೆ. ಬರೆದಿರುವ ಸಾಲುಗಳನ್ನು ಯಾರಾದರೂ ಓದಬಹುದು. ಬರೆಯುವ ಅಗತ್ಯವೇ ಇಲ್ಲದಷ್ಟು ಸಹಜವಾಗಿದ್ದ ನಂಬಿಕೆಯನ್ನು ಓದುವುದು ಹೇಗೆ? ನಾನು ನನ್ನ ತಪ್ಪನ್ನು ಬರೆದುಕೊಟ್ಟೆ, ಗುಮಾಸ್ತರ ಮೆಮೋ ರದ್ದಾಯಿತು, ಮೂವರು ಠೇವಣಿದಾರರಿಗೂ ಬಾಕಿ ಸಂದಿತು. ಆದರೆ ಆ ಮೂರು ವಾರ ಆ ಹುಡುಗ ಸಹೋದ್ಯೋಗಿಗಳ ನಡುವೆ ತಲೆ ತಗ್ಗಿಸಿಕೊಂಡು ಕುಳಿತಿದ್ದುದನ್ನು ರದ್ದು ಮಾಡುವ ವಿಧಾನ ನನಗೆ ಗೊತ್ತಿಲ್ಲ.

ನಮ್ಮೂರಿನ ವೀರಭದ್ರ ದೇವಾಲಯದ ತೂಗುಕಂಬದ ಕಥೆ ಓದುಗರಿಗೆ ಗೊತ್ತೇ ಇದೆ. ನೆಲಕ್ಕೆ ಪೂರ್ತಿಯಾಗಿ ತಾಗದ ಆ ಕಂಬದ ಅಡಿಯಲ್ಲಿ ಯಾತ್ರಿಕರು ಬಟ್ಟೆಯನ್ನು ಸರಿಸಿ ನೋಡುತ್ತಾರೆ. ಆಂಗ್ಲ ಎಂಜಿನಿಯರನೊಬ್ಬ ಇದರ ಮರ್ಮವನ್ನು ತಿಳಿಯಲು ಕಂಬವನ್ನು ಕದಲಿಸಲು ಹೋದಾಗ ಸುತ್ತಲಿನ ಕಂಬಗಳೂ ಸರಿದುವೆಂದು ಹೇಳುವುದುಂಟು. ಕಥೆ ನಿಜವೋ ಅಲ್ಲವೋ, ಆ ಎರಡು ವಾರ ನನಗೆ ಅವನ ನೆನಪು ಪದೇ ಪದೇ ಬಂದಿತು.

ಹಾಗಾದರೆ ಸರಿಯಾದ ದಾರಿ ಯಾವುದು? ಇದಕ್ಕೆ ಜಗತ್ತಿನಲ್ಲಿ ನಡೆದಿರುವ ದೊಡ್ಡ ಪ್ರಯೋಗವೊಂದರಲ್ಲಿ ಲೇಪಾಕ್ಷಿಯಿಂದ ಒಂದು ಹಗಲಿನಲ್ಲಿ ಹೋಗಿ ಬರಬಹುದಾದ ಬೆಂಗಳೂರಿನ ಪಾಲೂ ಇರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಮನೆಯ ಗಣಕಕ್ಕಾಗಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆಯತೊಡಗಿದ. ಆ ಯಂತ್ರದಲ್ಲಿ ಇದ್ದದ್ದು ಒಂದೇ ಸಂಸ್ಕಾರಕ. 1996ರ ಜೂನ್‌ನಲ್ಲಿ ಬಂದ 2.0ನೆಯ ಆವೃತ್ತಿಯಲ್ಲಿ ಹಲವು ಸಂಸ್ಕಾರಕಗಳ ಯಂತ್ರದಲ್ಲಿಯೂ ಅದು ನಡೆಯುವಂತಾಯಿತು. ಇದರ ಮೊದಲ ಹೊಣೆ ಹೊತ್ತವರು ಬ್ರಿಟನ್ನಿನ ಅಲನ್ ಕಾಕ್ಸ್. ಐದು ವರ್ಷಗಳಲ್ಲಿ ಬೆಳೆದಿದ್ದ ಅಷ್ಟೂ ಸಾಲುಗಳನ್ನು ಪರಿಶೀಲಿಸಲು ಹೊರಡದೆ ಅವರು ಇಡೀ ಮನೆಗೆ ಒಂದೇ ಬೀಗ ಹಾಕಿದರು. ತಿರುಳಿನೊಳಕ್ಕೆ ಒಂದು ಹೊತ್ತಿನಲ್ಲಿ ಒಂದೇ ಸಂಸ್ಕಾರಕ ಹೋಗಬಹುದು. ಉಳಿದವು ಬಾಗಿಲಲ್ಲಿ ಕಾಯಬೇಕು. ಇದನ್ನು ‘ದೊಡ್ಡ ಬೀಗ’ ಎಂದೇ ಕರೆದರು. ಒಳಗಿನ ಪ್ರತಿ ಸಾಲಿಗೂ ‘ನಾನೊಬ್ಬನೇ’ ಎಂಬ ಹಳೆಯ ನಂಬಿಕೆ ನಿಜವಾಗಿಯೇ ಉಳಿಯಿತು. ವೇಗ ಹೆಚ್ಚು ದೊರೆಯಲಿಲ್ಲ, ಆದರೆ ಯಾವುದೂ ಮುರಿಯಲಿಲ್ಲ. ನಾನು ಇದನ್ನು ಹೇಡಿತನವೆಂದು ಬಹುಕಾಲ ತಿಳಿದಿದ್ದೆ; ಈಗ ಜಾಣತನವೆನ್ನುತ್ತೇನೆ.

ಅನಂತರದ ಕೆಲಸ ಆ ದೊಡ್ಡ ಬೀಗವನ್ನು ಸಣ್ಣ ಬೀಗಗಳಾಗಿ ಒಡೆಯುವುದು. 1999ರ ಜನವರಿಯ 2.2, 2001ರ ಜನವರಿಯ 2.4ನೆಯ ಆವೃತ್ತಿಗಳಲ್ಲಿ ಒಂದೊಂದೇ ಕೋಣೆಗೆ ಸ್ವಂತ ಬೀಗ ಬಂದಿತು. ಆದರೆ ಬೀಗಗಳು ಹೆಚ್ಚಿದರೆ ಬೇರೊಂದು ತೊಡಕು. ಒಬ್ಬ ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ಪೆನ್ನಿಗಾಗಿ, ಇನ್ನೊಬ್ಬರು ಪೆನ್ನು ಹಿಡಿದು ಪುಸ್ತಕಕ್ಕಾಗಿ ಕಾಯುತ್ತ ಸಂಜೆಯವರೆಗೂ ನಿಲ್ಲಬಹುದು. ಯಾರೇ ಆಗಲಿ ಮೊದಲು ಪುಸ್ತಕ, ಆಮೇಲೆ ಪೆನ್ನು ಎಂಬ ಒಂದೇ ಕ್ರಮವನ್ನು ಪಾಲಿಸಬೇಕಾಗುತ್ತದೆ. ಅದಲ್ಲದೆ ಬೀಗವನ್ನು ತೆಗೆದು ಹಾಕುವುದಕ್ಕೇ ಸಮಯ ಹಿಡಿಯುತ್ತದೆ. ಸಾವಿರ ಜನ ಓದುವ, ದಿನಕ್ಕೊಮ್ಮೆ ಮಾತ್ರ ಬದಲಾಗುವ ವಿಷಯಕ್ಕೂ ಪ್ರತಿಯೊಬ್ಬ ಓದುಗನೂ ಬೀಗ ತೆಗೆಯಬೇಕೆಂದರೆ ಅದು ಅನ್ಯಾಯವಲ್ಲವೇ?

ಇಲ್ಲಿಗೆ ಬೆಂಗಳೂರಿನ ಪ್ರವೇಶ. ಅಮೆರಿಕದ ಸೀಕ್ವೆಂಟ್ ಎಂಬ ಕಂಪೆನಿಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾಕ್ ಸ್ಲಿಂಗ್‌ವೈನ್ 1990ರ ದಶಕದಲ್ಲಿ ಇದಕ್ಕೊಂದು ಉಪಾಯವನ್ನು ರೂಪಿಸಿದ್ದರು. 1999ರಲ್ಲಿ ಆ ಕಂಪೆನಿ ಐಬಿಎಂ ಪಾಲಾಯಿತು. ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ದೀಪಂಕರ್ ಶರ್ಮಾ ಮತ್ತು ಮನೀಶ್ ಸೋನಿ ಅವರು ಮೆಕೆನ್ನಿಯವರ ಜತೆಗೂಡಿ ಆ ಉಪಾಯವನ್ನು ಲಿನಕ್ಸಿಗೆ ಅಳವಡಿಸುವ ಕೆಲಸದಲ್ಲಿ ತೊಡಗಿದರು. 2001ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಲಿನಕ್ಸ್ ಸಮ್ಮೇಳನದ ಪ್ರಬಂಧದಲ್ಲಿ ಈ ಇಬ್ಬರ ಹೆಸರೂ ಇದೆ. 2002ರ ಅಕ್ಟೋಬರಿನಲ್ಲಿ, 2.5.43ನೆಯ ಆವೃತ್ತಿಯಲ್ಲಿ, ಅದು ಲಿನಕ್ಸಿನ ಅಂಗವಾಯಿತು. ಅದರ ಹೆಸರು ‘ರೀಡ್-ಕಾಪಿ-ಅಪ್‌ಡೇಟ್’. ಓದು, ನಕಲು ಮಾಡು, ಬದಲಿಸು ಎಂದರ್ಥ.

ಶಾಲೆಯ ವೇಳಾಪಟ್ಟಿಯನ್ನು ನೆನೆಯಿರಿ. ಮುಖ್ಯೋಪಾಧ್ಯಾಯರು ಅದನ್ನು ಬದಲಿಸಬೇಕಾದಾಗ, ಮಕ್ಕಳು ಓದುತ್ತಿರುವ ಹಾಳೆಯ ಮೇಲೆಯೇ ಹೊಡೆದು ತಿದ್ದಿದರೆ ಅರ್ಧ ಹಳೆಯದು, ಅರ್ಧ ಹೊಸದು ಓದಿ ಗಲಿಬಿಲಿಯಾಗುತ್ತದೆ. ಮಕ್ಕಳನ್ನೆಲ್ಲ ದೂರ ನಿಲ್ಲಿಸಿ ತಿದ್ದಿದರೆ ಪಾಠ ನಿಲ್ಲುತ್ತದೆ. ಅದರ ಬದಲು ಅವರು ತಮ್ಮ ಕೋಣೆಯಲ್ಲಿ ಕುಳಿತು ಹಾಳೆಯ ನಕಲು ಮಾಡಿ, ನಕಲಿನಲ್ಲಿ ತಿದ್ದಿ, ‘ವೇಳಾಪಟ್ಟಿ ಇಲ್ಲಿದೆ’ ಎಂಬ ಬಾಣದ ಗುರುತನ್ನು ಒಮ್ಮೆಗೇ ಹೊಸ ಹಾಳೆಯ ಕಡೆಗೆ ತಿರುಗಿಸುತ್ತಾರೆ. ಆಗ ಬಂದವರು ಹೊಸದನ್ನು ಓದುತ್ತಾರೆ. ಆಗಲೇ ಹಳೆಯದರ ಮುಂದೆ ನಿಂತವರು ಹಳೆಯದನ್ನೇ ಓದಿ ಮುಗಿಸುತ್ತಾರೆ. ಯಾರೂ ಕಾಯಲಿಲ್ಲ, ಯಾರೂ ಅರ್ಧಂಬರ್ಧ ಓದಲಿಲ್ಲ.

ಉಳಿದ ಪ್ರಶ್ನೆ, ಹಳೆಯ ಹಾಳೆಯನ್ನು ಯಾವಾಗ ಹರಿದುಹಾಕುವುದು? ಕೊನೆಯ ಓದುಗ ಹೋಗಿದ್ದಾನೆಂದು ತಿಳಿಯಲು ಓದುಗರ ಲೆಕ್ಕವಿಡಬೇಕಾದರೆ ಮತ್ತೆ ಬೀಗದ ಖರ್ಚೇ ಬರುತ್ತದೆ. ಇಲ್ಲಿಯೇ ಈ ಉಪಾಯದ ಸೊಗಸು. ಹಾಳೆ ಓದುತ್ತಿರುವವನು ನಡುವೆ ತರಗತಿ ಬದಲಿಸಕೂಡದು ಎಂಬ ಒಂದೇ ನಿಯಮವಿದೆಯೆಂದುಕೊಳ್ಳಿ. ಹಾಗಿದ್ದರೆ ಗುರುತು ತಿರುಗಿಸಿದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಸಲವಾದರೂ ತರಗತಿ ಬದಲಿಸಿದ್ದಾನೆಂದರೆ ಹಳೆಯ ಓದುಗರಾರೂ ಉಳಿದಿಲ್ಲವೆಂದೇ ಅರ್ಥ. ಲಿನಕ್ಸಿನಲ್ಲಿ ಪ್ರತಿ ಸಂಸ್ಕಾರಕವೂ ಒಂದು ಕೆಲಸವನ್ನು ಬಿಟ್ಟು ಇನ್ನೊಂದಕ್ಕೆ ಹೊರಳುವುದು ಹೇಗೂ ನಡೆಯುತ್ತಿರುತ್ತದೆ. ಎಲ್ಲವೂ ಒಮ್ಮೆ ಹೊರಳಿದವೆಂದು ಕಂಡ ಮೇಲೆ ಹಳೆಯ ನಕಲನ್ನು ಬಿಸಾಡಬಹುದು. ಈ ಕಾಯುವ ಹೊತ್ತಿಗೆ, ಜೀವವಿಮೆಯ ಕಂತಿಗೆ ಕೊಡುವ ರಿಯಾಯಿತಿಯ ದಿನಗಳಂತೆ, ‘ಗ್ರೇಸ್ ಪೀರಿಯಡ್’ ಎಂದೇ ಹೆಸರು.

ಬೆಂಗಳೂರಿನ ಈ ಇಬ್ಬರು ಇದನ್ನು ಅನ್ವಯಿಸಿದ ಮುಖ್ಯ ಜಾಗಗಳಲ್ಲೊಂದು ಕಡತಗಳ ಹೆಸರನ್ನು ಹುಡುಕುವ ಭಾಗ. ಕಾಗದವನ್ನು ಮುಟ್ಟಿಸಲು ಅಂಚೆಯವರು ರಾಜ್ಯ, ಜಿಲ್ಲೆ, ಮಂಡಲ, ಊರು ಎಂದು ಇಳಿದು ಬರುವಂತೆ ಗಣಕವೂ ಕಡತದ ಹೆಸರನ್ನು ಹಂತ ಹಂತವಾಗಿ ಹುಡುಕುತ್ತದೆ. ಕ್ಷಣಕ್ಷಣಕ್ಕೂ ನಡೆಯುವ ಈ ಹುಡುಕಾಟಕ್ಕೆಲ್ಲ ಆಗ ಒಂದೇ ಬೀಗವಿತ್ತು. 2003ರ ಡಿಸೆಂಬರಿನಲ್ಲಿ ಹೊರಬಂದ 2.6ನೆಯ ಆವೃತ್ತಿಯ ಹೊತ್ತಿಗೆ, ಹುಡುಕುವವರು ಆ ಬೀಗವನ್ನು ಮುಟ್ಟಬೇಕಾಗಿರಲಿಲ್ಲ. ಇಂದು ಆಂಡ್ರಾಯ್ಡ್ ಫೋನುಗಳ ತಿರುಳೂ ಲಿನಕ್ಸೇ ಆದುದರಿಂದ, ಹಿಂದೂಪುರದ ಸಂತೆಯಲ್ಲಿ ಫೋನು ಹಿಡಿದು ಹಣ ಪಾವತಿ ಮಾಡುವವರೂ ತಿಳಿಯದೆಯೇ ಈ ಉಪಾಯವನ್ನು ಬಳಸುತ್ತಿದ್ದಾರೆ.

ದೊಡ್ಡ ಬೀಗದ ಕೊನೆಯ ತುಂಡು ಹೋದದ್ದು 2011ರ ಮೇ ತಿಂಗಳಲ್ಲಿ, 2.6.39ನೆಯ ಆವೃತ್ತಿಯಲ್ಲಿ. ಹಾಕಿದ ಮೇಲೆ ಸುಮಾರು ಹದಿನೈದು ವರ್ಷ. ಜಗತ್ತಿನ ಅತ್ಯಂತ ನುರಿತ ಕೈಗಳಿಗೆ ಅಷ್ಟು ಕಾಲ ಹಿಡಿದದ್ದೇಕೆಂದರೆ, ಕೊನೆಗೆ ಉಳಿದ ಕಡೆಗಳಲ್ಲಿ ಆ ಬೀಗ ಏನನ್ನು ಕಾಯುತ್ತಿದೆಯೆಂಬುದೇ ಯಾರಿಗೂ ಗೊತ್ತಿರಲಿಲ್ಲ.

ಬೀಗ ತೆಗೆಯುವಾಗ ಹಳೆಯ ಬಳಕೆದಾರರಿಗೆ ನಷ್ಟವಾಗಬಾರದೆಂಬುದು ಇನ್ನೊಂದು ಕಷ್ಟ. ಪೈಥಾನ್ ಭಾಷೆಯಲ್ಲಿಯೂ ಲಿನಕ್ಸಿನಂಥದೇ ಒಂದು ದೊಡ್ಡ ಬೀಗವುಂಟು. 1990ರ ದಶಕದಲ್ಲಿಯೇ ಗ್ರೆಗ್ ಸ್ಟೀನ್ ಎಂಬವರು ಅದನ್ನು ತೆಗೆದು ತೋರಿಸಿದರು. ಆದರೆ ಒಂದೇ ಎಳೆಯ ಸಾಮಾನ್ಯ ಕ್ರಮವಿಧಿಗಳು ಬಹಳ ನಿಧಾನವಾದವು, ಯಾರೂ ಒಪ್ಪಲಿಲ್ಲ. ಸ್ಯಾಮ್ ಗ್ರಾಸ್ ಎಂಬವರ ಹೊಸ ಯೋಜನೆಗೆ 2023ರಲ್ಲಿ ಒಪ್ಪಿಗೆ ದೊರೆತು, 2024ರ ಅಕ್ಟೋಬರಿನ 3.13ನೆಯ ಆವೃತ್ತಿಯಲ್ಲಿ ಬೀಗವಿಲ್ಲದ ಪೈಥಾನ್ ಪ್ರಯೋಗಾರ್ಥವಾಗಿ ಬಂದಿತು. ಅದೂ ಬೇಕೆಂದವರಿಗೆ ಮಾತ್ರ. ಓಕ್ಯಾಮಲ್ ಎಂಬ ಭಾಷೆಗೆ ಸಮಾಂತರತೆಯನ್ನು ತಂದವರಲ್ಲಿ ಮದರಾಸಿನ ಐಐಟಿಯ ಕೆ.ಸಿ. ಶಿವರಾಮಕೃಷ್ಣನ್ ಪ್ರಮುಖರು. ಹಳೆಯ ಕ್ರಮವಿಧಿಗಳು ಒಂದು ಅಕ್ಷರವೂ ಬದಲಾಗದೆ, ಹೆಚ್ಚುಕಡಿಮೆ ಮೊದಲಿನ ವೇಗದಲ್ಲಿಯೇ ನಡೆಯಬೇಕೆಂಬುದು ಅವರ ತಂಡ ತಾನೇ ಹಾಕಿಕೊಂಡ ಕಟ್ಟು. ಸ್ಮೃತಿಯನ್ನು ಗುಡಿಸಿ ಶುಚಿಗೊಳಿಸುವ ಕೆಲಸಕ್ಕೆ ಅವರ ಮುಂದೆ ಎರಡು ವಿಧಾನಗಳಿದ್ದವು. ಅವುಗಳಲ್ಲಿ ಹೆಚ್ಚು ಚತುರವಾದುದು ಸಿ ಭಾಷೆಯಲ್ಲಿ ಬರೆದ ಹಳೆಯ ಜೋಡಣೆಗಳನ್ನು ಮುರಿಯುತ್ತಿತ್ತು. ಅದನ್ನು ಬಿಟ್ಟು, ಎಲ್ಲರನ್ನೂ ಒಂದು ಗಳಿಗೆ ನಿಲ್ಲಿಸಿ ಗುಡಿಸುವ ಸರಳ ವಿಧಾನವನ್ನೇ ಆರಿಸಿಕೊಂಡರು. 2022ರ ಡಿಸೆಂಬರಿನಲ್ಲಿ ಅದು ಓಕ್ಯಾಮಲ್ 5.0 ಆಗಿ ಹೊರಬಂದಿತು.

ನನ್ನ ರಾತ್ರಿಯ ಕ್ರಮವಿಧಿಗೆ ಹಿಂದಿರುಗುತ್ತೇನೆ. ಮೆಮೋ ರದ್ದಾದ ಮೇಲೆ ನಾನು ಹಾಕಿದ್ದ ಸಣ್ಣ ಬೀಗಗಳನ್ನೆಲ್ಲ ಕಿತ್ತು, ಅಲನ್ ಕಾಕ್ಸ್ ಮಾಡಿದಂತೆ ಇಡೀ ಲೆಕ್ಕಾಚಾರಕ್ಕೆ ಒಂದೇ ಬೀಗ ಹಾಕಿದೆ. ಕೆಲಸ ಮತ್ತೆ ಏಳು ಗಂಟೆಗೆ ಬಂದಿತು. ಮೇಲಧಿಕಾರಿಗಳು ಹುಬ್ಬು ಗಂಟಿಕ್ಕಿದರು. ಆಮೇಲೆ ತಿಂಗಳಿಗೊಂದರಂತೆ ಒಂದೊಂದು ಭಾಗವನ್ನು ಕಾಗದದ ಮೇಲೆ ಓದಿ, ಅದು ಯಾವ ಯಾವ ಸಾಮಾನ್ಯ ಜಾಗವನ್ನು ಮುಟ್ಟುತ್ತದೆಂದು ಪಟ್ಟಿ ಮಾಡಿ, ಪ್ರತಿ ಎಳೆಗೂ ಅದರದೇ ಸ್ಲೇಟು ಕೊಟ್ಟು, ನಾಲ್ಕು ಸಂಸ್ಕಾರಕಗಳ ಯಂತ್ರದಲ್ಲಿಯೇ ಪರೀಕ್ಷಿಸಿ ಬೀಗದ ಹೊರಗೆ ತಂದೆ. ಹದಿನಾಲ್ಕು ತಿಂಗಳು ಹಿಡಿಯಿತು. ಏಳು ಗಂಟೆಗಳಲ್ಲಿ ಐದು ಗಂಟೆಯ ಕೆಲಸವನ್ನು ಹೀಗೆ ಹೊರಗೆ ತರಲು ಸಾಧ್ಯವಾಯಿತು. ಅದು ನಾಲ್ವರಿಗೆ ಹಂಚಿಹೋಗಿ ಒಂದೂಕಾಲು ಗಂಟೆಯಾಯಿತು. ಲೆಡ್ಜರಿಗೆ ಏರಿಸುವ ಎರಡು ಗಂಟೆಯ ಕೆಲಸ ಮಾತ್ರ ಬೀಗದೊಳಗೇ ಉಳಿದುದರಿಂದ ಒಟ್ಟು ಮೂರೂಕಾಲು ಗಂಟೆ. ಹಂಚಲಾಗದ ಭಾಗ ಎರಡು ಗಂಟೆಯಿದ್ದರೆ ನಾಲ್ಕಲ್ಲ, ನಾನೂರು ಸಂಸ್ಕಾರಕಗಳನ್ನು ತಂದರೂ ಕೆಲಸ ಎರಡು ಗಂಟೆಗಿಂತ ಕೆಳಗಿಳಿಯದು. ಜೀನ್ ಆಮ್‌ಡಾಲ್ 1967ರಲ್ಲಿಯೇ ತೋರಿಸಿಕೊಟ್ಟ ಲೆಕ್ಕವಿದು. ನಾಲ್ಕು ಪಟ್ಟು ವೇಗವನ್ನು ನಿರೀಕ್ಷಿಸಿದ್ದವರಿಗೆ ಇದನ್ನು ವಿವರಿಸುವುದು ಎಳೆಗಳನ್ನು ಹಂಚುವುದಕ್ಕಿಂತ ಕಷ್ಟವಾಯಿತು.

ಲೆಡ್ಜರಿನ ಆ ಭಾಗವನ್ನೂ ಒಡೆಯಬಹುದಿತ್ತೆಂದು ಆಮೇಲೆ ಬಂದ ತರುಣರು ಹೇಳುತ್ತಿದ್ದರು, ಇದ್ದರೂ ಇರಬಹುದು. ನಾನು ಆ ಕೆಲಸ ಬಿಡುವ ದಿನ ಆ ಕಡತದ ತಲೆಯ ಮೇಲೆ, ಕ್ರಮವಿಧಿಗೆ ಬೇಕಿಲ್ಲದ ಟಿಪ್ಪಣಿಯ ರೂಪದಲ್ಲಿ, ಒಂಬತ್ತು ಸಾಲು ಬರೆದಿಟ್ಟು ಬಂದೆ. ಈ ಬೀಗದೊಳಗೆ ಇನ್ನೂ ಯಾವ ಯಾವ ಹಲಗೆಗಳಿವೆ, ಯಾವುದನ್ನು ನಾನು ಓದಿದ್ದೇನೆ, ಯಾವುದನ್ನು ಓದಿಲ್ಲ, 2009ರಲ್ಲಿ ಏನು ನಡೆಯಿತು ಎಂಬುದಷ್ಟೇ ಅದರಲ್ಲಿದ್ದದ್ದು. ಗುಮಾಸ್ತರ ಹೆಸರನ್ನು ಬರೆಯಲಿಲ್ಲ. ನನ್ನ ಹೆಸರನ್ನು ಬರೆದೆ.